ತನ್ನವರ ನಡುವೆ ತನ್ನ ಧರ್ಮ

ಮನುಷ್ಯನು ತಾನು ನಂಬಿದ ಧರ್ಮವನ್ನು ಕೈಬಿಡುವುದು ಯಾವಾಗ ಎಂಬ ಪ್ರಶ್ನೆಗೆ ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಒಂದೇ ಬಗೆಯ ಉತ್ತರವನ್ನು ಕೊಡುತ್ತವೆ: ಕತ್ತಿ ಕೊರಳಿಗೆ ಬಂದಾಗ, ಆಸ್ತಿ ಕೈತಪ್ಪುವಾಗ, ಊರು ಬಿಡಬೇಕಾಗಿ ಬಂದಾಗ. ಈ ಉತ್ತರ ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಹಗೆಯ ಮುಂದೆ ಬಾಗದ ತಲೆ ಗೆಳೆಯರ ಮುಂದೆ, ನಂಟರ ಮುಂದೆ, ಅನ್ನವಿಕ್ಕಿದ ಒಡೆಯನ ಮುಂದೆ ತಾನಾಗಿಯೇ ಬಾಗಿದ ನಿದರ್ಶನಗಳು ಲೋಕದಲ್ಲಿ ಬೇಕಾದಷ್ಟಿವೆ. ಹಗೆಯು ಬಲವಂತ ಮಾಡುತ್ತಾನೆ. ಆ ಬಲವಂತ ನಮ್ಮೊಳಗಿನ ಛಲವನ್ನು ಎಬ್ಬಿಸುತ್ತದೆ. ನಮ್ಮವರು ಬಲವಂತ ಮಾಡುವುದಿಲ್ಲ. ಅವರು ಸುಮ್ಮನೆ ಒಂದು ದಾರಿಯಲ್ಲಿ ನಡೆಯತೊಡಗುತ್ತಾರೆ. ನಾವು ಹಿಂದೆ ಉಳಿದದ್ದು ನಮಗೇ ಸಂಕೋಚವೆನಿಸುತ್ತದೆ. ಆ ಸಂಕೋಚದ ಎದುರು ನಿಲ್ಲುವುದು ಕತ್ತಿಯ ಎದುರು ನಿಲ್ಲುವುದಕ್ಕಿಂತ ಸುಲಭವೇನೂ ಅಲ್ಲ.

ಈ ಮಾತನ್ನು ನಮ್ಮ ಪೂರ್ವಿಕರು ಬಹಳ ಹಿಂದೆಯೇ ಅರಿತಿದ್ದರು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವೆಂಬ ಸಂಸ್ಕೃತ ಗ್ರಂಥವೊಂದಿದೆ. ಗೃಹಸ್ಥರಾದ ಜೈನರು ಹೇಗೆ ಬಾಳಬೇಕೆಂದು ತಿಳಿಸುವ ಆ ಚಿಕ್ಕ ಪುಸ್ತಕ ಕರ್ನಾಟಕದ ಜೈನ ಮನೆತನಗಳಿಗೆ ಚಿರಪರಿಚಿತವಾದದ್ದು. ಅದರಲ್ಲಿ ಆಚಾರ್ಯರು ಸಮ್ಯಕ್ತ್ವವನ್ನು, ಎಂದರೆ ನೇರವಾದ ಶ್ರದ್ಧೆಯನ್ನು, ವಿವರಿಸುತ್ತ ಒಂದು ಎಚ್ಚರಿಕೆಯನ್ನು ಹೇಳುತ್ತಾರೆ. ಶುದ್ಧ ದೃಷ್ಟಿಯುಳ್ಳವನು ನಾಲ್ಕು ಕಾರಣಗಳಿಂದ ತನ್ನದಲ್ಲದ ದೈವಕ್ಕೆ ತಲೆಬಾಗಬಾರದು. ಆ ನಾಲ್ಕು ಯಾವುವೆಂದರೆ ಭಯ, ಆಶೆ, ಸ್ನೇಹ ಮತ್ತು ಲೋಭ. ಭಯ, ಆಶೆ, ಲೋಭಗಳನ್ನು ಯಾವ ಉಪದೇಶಕನೂ ಹೇಳಿಯಾನು. ಅವುಗಳ ಸಾಲಿನಲ್ಲಿ ಸ್ನೇಹವನ್ನು ತಂದು ಕೂಡಿಸಿದ್ದು ಮನುಷ್ಯಸ್ವಭಾವವನ್ನು ಹತ್ತಿರದಿಂದ ಕಂಡವರು ಮಾತ್ರ ಮಾಡಬಹುದಾದ ಕೆಲಸ. ಭಯ ಲೋಭಗಳು ಹೀನವೆಂದು ಎಲ್ಲರಿಗೂ ಗೊತ್ತು. ಸ್ನೇಹವಾದರೋ ಸದ್ಗುಣ; ಆದಕಾರಣವೇ ಅದರ ಒತ್ತಾಯವನ್ನು ಒತ್ತಾಯವೆಂದು ಗುರುತಿಸುವುದು ಕಷ್ಟ.

ಈ ನಾಲ್ಕು ಮಾತುಗಳನ್ನು ಕೈದೀವಿಗೆಯಾಗಿ ಹಿಡಿದು ನಮ್ಮ ಚರಿತ್ರೆಯ ಒಂದು ಕಾಲವನ್ನು ನೋಡುವುದು ಇಂದಿನ ಭಾಷಣದ ಉದ್ದೇಶ. ಆ ಕಾಲ ಹನ್ನೆರಡನೆಯ ಶತಮಾನದ ಮೊದಲ ಭಾಗ. ಸ್ಥಳ ಹೊಯ್ಸಳರ ಅರಮನೆ.

ಹೊಯ್ಸಳ ವಂಶಕ್ಕೂ ಜೈನಧರ್ಮಕ್ಕೂ ಇದ್ದ ನಂಟು ಹಳೆಯದು. ಜೈನಮುನಿಯ ಮಾತಿನಂತೆ ಸಳನು ಹುಲಿಯನ್ನು ಹೊಡೆದನೆಂಬ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ಆ ವಂಶದ ಬಿಟ್ಟಿದೇವನು ರಾಮಾನುಜಾಚಾರ್ಯರ ಪ್ರಭಾವಕ್ಕೆ ಒಳಗಾಗಿ ವೈಷ್ಣವನಾದನೆಂದೂ ವಿಷ್ಣುವರ್ಧನನೆಂದು ಹೆಸರಾದನೆಂದೂ ಶ್ರೀವೈಷ್ಣವ ಸಂಪ್ರದಾಯ ಹೇಳುತ್ತದೆ. ಈ ಮತಾಂತರ ಎಷ್ಟರ ಮಟ್ಟಿಗೆ ನಡೆಯಿತು ಎಂಬುದರ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅರಸನ ಒಲವು ವಿಷ್ಣುಭಕ್ತಿಯ ಕಡೆಗೆ ಹರಿದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ೧೧೧೬ರ ಹೊತ್ತಿಗೆ ಚೋಳರಿಂದ ತಲಕಾಡನ್ನು ಗೆದ್ದ ಮೇಲೆ, ೧೧೧೭ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾಯಿತು. ಇಂದು ನಾವು ಚೆನ್ನಕೇಶವನೆಂದು ಕರೆಯುವ ದೇವರು ಅವನೇ. ಅರಸನು ಯಾವ ಗುಡಿಯ ಮುಂದೆ ನಿಲ್ಲುತ್ತಾನೋ ಆಸ್ಥಾನವೂ ಆ ಗುಡಿಯ ಮುಂದೆ ಬಂದು ನಿಲ್ಲುವುದು ಎಲ್ಲ ಕಾಲದ ವಾಡಿಕೆ. ಅದಕ್ಕೆ ಆಜ್ಞೆ ಹೊರಡಬೇಕಾಗಿಲ್ಲ. ದೊರೆಯ ಮುಖ ಯಾವ ಕಡೆಗೆ ತಿರುಗಿದೆಯೆಂದು ನೋಡಿದರೆ ಸಾಕು.

ಹಾಗೆ ತಿರುಗದೆ ಉಳಿದವರಲ್ಲಿ ಇಬ್ಬರನ್ನು ನಾನಿಲ್ಲಿ ನೆನೆಯುತ್ತೇನೆ. ಒಬ್ಬಳು ಅರಸನ ಪಟ್ಟಮಹಾದೇವಿ ಶಾಂತಲೆ; ಇನ್ನೊಬ್ಬನು ಅವನ ಮಹಾಪ್ರಧಾನ ದಂಡನಾಯಕ ಗಂಗರಾಜ. ಒಬ್ಬಳು ಅವನ ಮನೆಯ ಒಳಗೆ, ಇನ್ನೊಬ್ಬನು ಅವನ ಬಲಗೈಯ ಬದಿಯಲ್ಲಿ. ವಿಷ್ಣುವರ್ಧನನ ಒಲವು ಯಾರನ್ನಾದರೂ ಸೆಳೆದೊಯ್ಯಬೇಕಾಗಿದ್ದರೆ ಮೊದಲು ಸೆಳೆಯಬೇಕಾದದ್ದು ಇವರಿಬ್ಬರನ್ನು.

ಶಾಂತಲೆಯ ಕಥೆಯನ್ನು ನಮ್ಮ ಓದುಗರು ಕಾದಂಬರಿಗಳ ಮೂಲಕ ಬಲ್ಲರು. ಕೆ. ವಿ. ಅಯ್ಯರ್ ಅವರ ‘ಶಾಂತಲಾ’, ಸಿ. ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಅವಳನ್ನು ಮನೆಮನೆಯ ಮಾತಾಗಿಸಿದವು. ನಾನು ಶಾಸನಗಳ ಶಾಂತಲೆಯ ಬಗೆಗೆ ಹೇಳುತ್ತೇನೆ. ಶ್ರವಣಬೆಳಗೊಳದ ಶಾಸನದ ಪ್ರಕಾರ ಅವಳ ತಂದೆ ಪೆರ್ಗಡೆ ಮಾರಸಿಂಗಯ್ಯ ಶಿವಭಕ್ತ. ತಾಯಿ ಮಾಚಿಕಬ್ಬೆ ಜಿನಭಕ್ತೆ. ಕೈಹಿಡಿದ ಗಂಡ ವಿಷ್ಣುವಿನ ಕಡೆಗೆ ಒಲಿದವನು. ಅಂದರೆ ಅವಳು ಹುಟ್ಟಿದ ಮನೆಯಲ್ಲಿ ಎರಡು ಧರ್ಮ. ಸೇರಿದ ಮನೆಯಲ್ಲಿ ಮತ್ತೊಂದು. ಇಂಥ ಹೆಣ್ಣಿಗೆ ನಂಬಿಕೆಯೆಂಬುದು ಗಾಳಿಯಂತೆ ತಾನಾಗಿ ಬಂದದ್ದಾಗಿರಲಾರದು. ಕಣ್ಣೆದುರಿನಲ್ಲಿ ಬೇರೆ ದಾರಿಗಳಿದ್ದರೂ ಅವಳು ಒಂದನ್ನು ತನ್ನದೆಂದು ಹಿಡಿದಳು.

ಹಿಡಿದದ್ದಕ್ಕೆ ಕಲ್ಲಿನ ಸಾಕ್ಷಿಯಿದೆ. ೧೧೨೩ರಲ್ಲಿ, ಬೇಲೂರಿನ ಪ್ರತಿಷ್ಠೆಯಾಗಿ ಆರು ವರ್ಷ ಕಳೆದ ಮೇಲೆ, ಶಾಂತಲೆ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಒಂದು ಬಸದಿಯನ್ನು ಕಟ್ಟಿಸಿ ಶಾಂತಿನಾಥನನ್ನು ನಿಲ್ಲಿಸಿದಳು. ಅದರ ಪೂಜೆಗೂ ಮುನಿಗಳ ಆಹಾರದಾನಕ್ಕೂ ತನ್ನ ಗುರುಗಳಾದ ಪ್ರಭಾಚಂದ್ರ ಸಿದ್ಧಾಂತದೇವರಿಗೆ ಭೂಮಿಯನ್ನು ಧಾರೆಯೆರೆದಳು. ಬಸದಿಗೆ ಅವಳ ಬಿರುದಿನ ಹೆಸರೇ ನಿಂತಿದೆ: ಸವತಿಗಂಧವಾರಣ ಬಸದಿ. ಸೊಕ್ಕಿದ ಸವತಿಯರಿಗೆ ಮದಿಸಿದ ಆನೆಯಂತಿದ್ದವಳು ಎಂದು ಆ ಬಿರುದಿನ ಅರ್ಥ. ಈ ಹೆಸರನ್ನು ಓದಿ ತರಗತಿಯಲ್ಲಿ ವಿದ್ಯಾರ್ಥಿಗಳು ನಗುತ್ತಿದ್ದರು. ನಗುವಿಗೆ ಕಾರಣವಿಲ್ಲದಿಲ್ಲ, ಆದರೆ ಅದರಲ್ಲಿ ಅರಮನೆಯ ಬಾಳಿನ ಸತ್ಯವೂ ಇದೆ. ಸವತಿಯರಿದ್ದ ಅಂತಃಪುರದಲ್ಲಿ ಅರಸನ ಪ್ರೀತಿಯೇ ಸ್ಥಾನ, ಪ್ರೀತಿಯೇ ಬಲ. ಅಂಥ ಕಡೆ ಗಂಡನ ಹೊಸ ಒಲವನ್ನು ತಾನೂ ತಾಳುವುದು ಎಷ್ಟು ಲಾಭದ ದಾರಿಯಾಗಿತ್ತೆಂದು ನಾವು ಊಹಿಸಬಹುದು. ಶಾಂತಲೆ ಆ ದಾರಿಯನ್ನು ತುಳಿಯಲಿಲ್ಲ. ಶಾಸನ ಅವಳನ್ನು ‘ಸಮ್ಯಕ್ತ್ವಚೂಡಾಮಣಿ’ ಎಂದು ಕರೆಯುತ್ತದೆ. ಸಮಂತಭದ್ರರು ವಿವರಿಸಿದ ಸಮ್ಯಕ್ತ್ವವೇ ಇದು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರಾಕಾರದೊಳಗೆ ಕಪ್ಪೆ ಚೆನ್ನಿಗರಾಯನ ಗುಡಿಯಿದೆ. ಅಲ್ಲಿನ ಕೇಶವಮೂರ್ತಿಯನ್ನು ಪ್ರತಿಷ್ಠೆ ಮಾಡಿಸಿದವಳು ಶಾಂತಲೆಯೇ. ಹಾಗಾದರೆ ಸ್ನೇಹದಿಂದ ತಲೆಬಾಗಬಾರದೆಂಬ ಗುರುವಾಕ್ಯ ಎಲ್ಲಿ ಹೋಯಿತು? ಗಂಡನ ಮೇಲಿನ ಪ್ರೀತಿಗೆ ಅವಳು ಸೋತಂತೆ ಆಗಲಿಲ್ಲವೆ? ನನ್ನ ಎಂ.ಎ. ತರಗತಿಗಳಲ್ಲಿ ವರ್ಷ ವರ್ಷವೂ ಯಾರಾದರೊಬ್ಬರು ಈ ಪ್ರಶ್ನೆಯನ್ನು ಕೇಳುತ್ತಿದ್ದರು. ಕೇಳಬೇಕಾದ ಪ್ರಶ್ನೆಯೇ ಅದು.

ನನಗೆ ತೋರುವ ಉತ್ತರ ಇಷ್ಟು. ಆಚಾರ್ಯರು ನಿಷೇಧಿಸಿದ್ದು ಪ್ರೀತಿಯ ದಾಕ್ಷಿಣ್ಯಕ್ಕಾಗಿ ತನ್ನ ಶ್ರದ್ಧೆಯನ್ನು ಪಲ್ಲಟಗೊಳಿಸುವುದನ್ನು. ಪ್ರೀತಿಯಿಂದ ಕೊಡುವುದು ಬೇರೆ, ಪ್ರೀತಿಗಾಗಿ ಬಿಟ್ಟುಕೊಡುವುದು ಬೇರೆ. ಶಾಂತಲೆ ಗಂಡನ ದೇವರಿಗೆ ಗುಡಿಯಲ್ಲಿ ಸ್ಥಾನ ಕೊಟ್ಟಳು. ತನ್ನ ದೇವರ ಸ್ಥಾನವನ್ನು ಕೊಡಲಿಲ್ಲ. ಅವಳ ಬಿರುದುಗಳಲ್ಲಿ ‘ಚತುಸ್ಸಮಯ ಸಮುದ್ಧರಣೆ’ ಎಂಬುದೂ ಒಂದು. ನಾಲ್ಕು ಮತಗಳನ್ನೂ ಎತ್ತಿ ಹಿಡಿದವಳು ಎಂದು ಅದನ್ನು ಅರ್ಥಮಾಡುವುದು ವಾಡಿಕೆ. ಈ ಬಿರುದೂ ಸಮ್ಯಕ್ತ್ವಚೂಡಾಮಣಿಯೆಂಬ ಬಿರುದೂ ಒಬ್ಬಳಿಗೇ ಸಂದಿವೆ. ಅಂದಿನ ಶಾಸನಕವಿಗೆ ಅದರಲ್ಲಿ ವಿರೋಧ ಕಾಣಲಿಲ್ಲ. ಕಠಿಣವಾದ ಶಾಸ್ತ್ರದೃಷ್ಟಿಯವರು ಈ ಉತ್ತರವನ್ನು ಒಪ್ಪದೆ ಇರಬಹುದು. ಆದರೆ ಬೇಲೂರಿನಲ್ಲಿ ಕೇಶವನನ್ನು ನಿಲ್ಲಿಸಿದ ಕೈ ಅಲ್ಲಿಗೇ ನಿಂತಿದ್ದರೆ ಅದನ್ನು ಸೋಲು ಎನ್ನಬಹುದಾಗಿತ್ತು. ಅದೇ ಕೈ ಚಿಕ್ಕಬೆಟ್ಟದಲ್ಲಿ ಶಾಂತಿನಾಥನನ್ನೂ ನಿಲ್ಲಿಸಿತೆಂಬುದನ್ನು ನಾವು ಮರೆಯಬಾರದು.

ಅವಳ ಕೊನೆಯ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬೇಕಾಗಿದೆ. ೧೧೩೧ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಅವಳು ಅಲ್ಲಿನ ಬೆಟ್ಟದಿಂದ ಕೆಳಕ್ಕೆ ಹಾರಿಕೊಂಡಳೆಂಬ ಕಥೆ ಜನಜನಿತವಾಗಿದೆ. ಬೆಟ್ಟಕ್ಕೆ ಹೋದವರಿಗೆ ಸ್ಥಳವನ್ನೂ ತೋರಿಸುತ್ತಾರೆ. ಶಾಸನದಲ್ಲಿ ಅಂಥ ಮಾತಿಲ್ಲ. ಶಿವಗಂಗೆಯಲ್ಲಿ ಸ್ವರ್ಗಸ್ಥಳಾದಳೆಂದಷ್ಟೇ ಇದೆ. ಇನ್ನೊಂದು ವಿಚಾರವನ್ನೂ ಗಮನಿಸಬೇಕು. ಸಮಂತಭದ್ರರು ಮೂರು ಬಗೆಯ ಮೂಢತೆಗಳನ್ನು ಹೇಳುವಾಗ ಮೊದಲು ಹೇಳುವುದು ಲೋಕಮೂಢತೆಯನ್ನು: ಲೋಕವೆಲ್ಲ ಮಾಡುತ್ತದೆಂದು ತಾನೂ ಅದನ್ನೇ ಪುಣ್ಯವೆಂದು ನಂಬಿ ಮಾಡುವುದು. ಅದಕ್ಕೆ ಅವರು ಕೊಡುವ ಉದಾಹರಣೆಗಳಲ್ಲಿ ಪುಣ್ಯವೆಂದು ಬೆಟ್ಟದಿಂದ ಬೀಳುವುದೂ ಬೆಂಕಿಯಲ್ಲಿ ಬೀಳುವುದೂ ಸೇರಿವೆ. ಸಮ್ಯಕ್ತ್ವಚೂಡಾಮಣಿಯೆನಿಸಿದವಳ ಬಾಳಿಗೆ ಆ ಮೂಢತೆಗಳಲ್ಲೊಂದನ್ನೇ ನಾವು ಕೊನೆಯಾಗಿ ಅಂಟಿಸಿರುವುದು ವಿಚಿತ್ರವಾಗಿದೆ. ಕಥೆ ಕಟ್ಟುವ ಲೋಕಕ್ಕೆ ನಾಟಕೀಯವಾದ ಸಾವು ಬೇಕು. ಶಾಸನಕ್ಕೆ ಬೇಕಾದದ್ದು ಅವಳ ಶ್ರದ್ಧೆ. ಮಗಳ ಮರಣವಾದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಗುರುಗಳ ಸನ್ನಿಧಿಯಲ್ಲಿ, ಬಂಧುಗಳನ್ನು ಬೀಳ್ಕೊಂಡು, ಒಂದು ತಿಂಗಳ ಉಪವಾಸದಿಂದ ಪಂಚಪದಗಳನ್ನು ನೆನೆಯುತ್ತ ದೇಹವನ್ನು ಬಿಟ್ಟಳೆಂದು ಅದೇ ಶಾಸನ ವರ್ಣಿಸುತ್ತದೆ. ಮಗಳು ಕೊನೆಯವರೆಗೂ ಯಾರ ನಂಬಿಕೆಯನ್ನು ಹಂಚಿಕೊಂಡಿದ್ದಳೆಂಬುದು ಆ ವರ್ಣನೆಯಿಂದ ಸ್ಪಷ್ಟವಾಗುತ್ತದೆ.

ಇನ್ನು ಗಂಗರಾಜನ ವಿಷಯ. ಶಾಂತಲೆಗೆ ಎದುರಾದದ್ದು ಸ್ನೇಹದ ಪರೀಕ್ಷೆಯಾದರೆ ಇವನಿಗೆ ಎದುರಾದದ್ದು ಆಶೆ ಲೋಭಗಳ ಪರೀಕ್ಷೆ. ತಲಕಾಡಿನ ಗೆಲವಿನಲ್ಲಿ ಹಿರಿಯ ಪಾಲು ಈ ದಂಡನಾಯಕನದು. ೧೧೧೮ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಸೇನೆ ಹನ್ನೆರಡು ಸಾಮಂತರೊಡನೆ ಕಣ್ಣೇಗಾಲದಲ್ಲಿ ಬೀಡುಬಿಟ್ಟಿದ್ದಾಗ ಇರುಳಿನಲ್ಲಿ ಮೇಲೆ ಬಿದ್ದು ಅದನ್ನು ಚದುರಿಸಿದವನೂ ಇವನೇ. ಮೆಚ್ಚಿದ ಅರಸನು ಬೇಕಾದದ್ದನ್ನು ಕೇಳು ಎಂದನು. ಆಸ್ಥಾನದಲ್ಲಿ ಬೆಳೆದವನು ಇಂಥ ಹೊತ್ತಿನಲ್ಲಿ ಏನು ಕೇಳುತ್ತಾನೆ? ಒಡೆಯನ ಮನಸ್ಸಿಗೆ ಹಿತವಾದದ್ದನ್ನು ಕೇಳಿ ಇನ್ನಷ್ಟು ಹತ್ತಿರವಾಗುತ್ತಾನೆ. ಇಲ್ಲವೆ ತನ್ನ ಮನೆತನಕ್ಕೆ ಆಸ್ತಿ ಮಾಡಿಕೊಳ್ಳುತ್ತಾನೆ. ಗಂಗರಾಜ ಪರಮ ಎಂಬ ಗ್ರಾಮವನ್ನು ಕೇಳಿ ಪಡೆದು, ತನ್ನ ತಾಯಿಯೂ ಹೆಂಡತಿಯೂ ಕಟ್ಟಿಸಿದ ಜಿನಾಲಯಗಳಿಗೆ ಬಿಟ್ಟುಕೊಟ್ಟನು. ಇನ್ನೊಮ್ಮೆ ಇಂಥದೇ ಅವಕಾಶ ಬಂದಾಗ ಗೋವಿಂದವಾಡಿಯನ್ನು ಕೇಳಿ ಗೊಮ್ಮಟನ ಪೂಜೆಗೆ ಕೊಟ್ಟನು. ಬೇಲೂರಿನ ನಾರಾಯಣನ ಕೀರ್ತಿ ಏರುತ್ತಿದ್ದ ವರ್ಷಗಳಲ್ಲಿ, ಆ ನಾರಾಯಣನನ್ನು ನಿಲ್ಲಿಸಿದ ಅರಸನಿಂದಲೇ ಬೇಡಿ, ಗೊಮ್ಮಟನಿಗೆ ಊರು ಕೊಡಿಸಿದನೆಂಬುದನ್ನು ನಾವು ಗಮನಿಸಬೇಕು. ದೊಡ್ಡಬೆಟ್ಟದಲ್ಲಿ ಗೊಮ್ಮಟನ ಸುತ್ತಲಿರುವ ಸುತ್ತಾಲಯವನ್ನು ಕಟ್ಟಿಸಿದವನು ಗಂಗರಾಜ. ಮೂರ್ತಿಯ ಪಾದದ ಬಳಿ, ಅದನ್ನು ಮಾಡಿಸಿದ ಚಾವುಂಡರಾಯನ ಹೆಸರಿನ ಜೊತೆಗೆ, ಸುತ್ತಾಲಯವನ್ನು ಮಾಡಿಸಿದ ಇವನ ಹೆಸರನ್ನೂ ಇಂದಿಗೂ ಓದಬಹುದು.

ಗಂಗರಾಜನು ಎಂಥವನೆಂದು ತಿಳಿಯುವುದಕ್ಕೆ ಹಳೇಬೀಡಿನ ೧೧೩೩ರ ಶಾಸನ ಇನ್ನೊಂದು ಸಾಧನವನ್ನು ಒದಗಿಸುತ್ತದೆ. ಅವನ ಮತದಲ್ಲಿ ನರಕಗಳು ಏಳು: ಸುಳ್ಳಾಡುವುದು, ಕಾಳಗದಲ್ಲಿ ಅಂಜುವುದು, ಪರಸ್ತ್ರೀಯರಿಗೆ ಮನಸೋಲುವುದು, ಮರೆಹೊಕ್ಕವರನ್ನು ಒಪ್ಪಿಸಿಬಿಡುವುದು, ಬೇಡಿದವರನ್ನು ತಣಿಸದಿರುವುದು, ಹೊಂದಿ ಬಾಳುವವರನ್ನು ಕೈಬಿಡುವುದು, ಒಡೆಯನಿಗೆ ಎರಡು ಬಗೆಯುವುದು. ಈ ಪಟ್ಟಿಯ ಕೊನೆಯ ಮಾತನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ತನ್ನ ಧರ್ಮವನ್ನು ಬಿಡದವನಿಗೆ ಒಡೆಯನಿಗೆ ತಪ್ಪುವುದೂ ನರಕವೇ ಆಗಿತ್ತು. ಅರಸನಿಂದ ಬೇರೆಯಾದ ನಂಬಿಕೆಯನ್ನಿಟ್ಟುಕೊಂಡೂ ಅರಸನಿಗೆ ಎರಡು ಬಗೆಯದೆ ಅವನು ಬಾಳಿದನು. ದೈವದ್ರೋಹ ಒಂದು ಕಡೆ, ಸ್ವಾಮಿದ್ರೋಹ ಇನ್ನೊಂದು ಕಡೆ. ಇವೆರಡರ ನಡುವೆ ಕಾಲಿಡಲು ಎಷ್ಟು ಕಿರಿದಾದ ದಾರಿಯಿದೆಯೋ ಅಷ್ಟರಲ್ಲಿಯೇ ಅವನು ನಡೆದನು.

ಆ ದಾರಿ ಕಿರಿದಾಗಿದ್ದರೂ ಮುಚ್ಚಿಹೋಗಲಿಲ್ಲವೆಂಬುದಕ್ಕೆ ಅರಸನ ಗುಣವೂ ಕಾರಣ. ವಿಷ್ಣುವರ್ಧನನು ಮತಾಂತರವಾದ ಮೇಲೆ ಜೈನರನ್ನು ಹಿಂಸಿಸಿದನು, ಬಸದಿಗಳನ್ನು ಕೆಡವಿಸಿದನು ಎಂಬ ಕಥೆಗಳು ಈಚಿನ ಕಾಲದವು. ಶಾಸನಗಳು ಬೇರೆಯೇ ಚಿತ್ರವನ್ನು ಕೊಡುತ್ತವೆ. ೧೧೨೫ರಲ್ಲಿ ಅವನೇ ಜೈನಗುರು ಶ್ರೀಪಾಲ ತ್ರೈವಿದ್ಯದೇವರಿಗೆ ದಾನ ಕೊಟ್ಟನು. ಗಂಗರಾಜನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪನು ತಂದೆಯ ನೆನಪಿಗಾಗಿ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ೧೧೩೩ರಲ್ಲಿ ಅದರ ಪ್ರತಿಷ್ಠೆಯಾಗಿ, ಪೂಜಾರಿಗಳು ಗಂಧೋದಕವನ್ನೂ ಶೇಷೆಯನ್ನೂ ಬಂಕಾಪುರದಲ್ಲಿದ್ದ ಅರಸನ ಬಳಿಗೆ ಕೊಂಡೊಯ್ದರು. ಆಗ ತಾನೆ ಅವನಿಗೆ ಯುದ್ಧದಲ್ಲಿ ಗೆಲವೂ ಗಂಡುಮಗುವಿನ ಜನನವೂ ಕೂಡಿ ಬಂದಿದ್ದವು. ಅರಸನು ಎದುರ್ಗೊಂಡು, ಕೈಮುಗಿದು, ಪ್ರಸಾದವನ್ನು ತಲೆಯಲ್ಲಿ ಧರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು, ಬಸದಿಗೆ ಜಾವಗಲ್ಲನ್ನು ದಾನಮಾಡಿದನು. ಗಂಗರಾಜನು ಬದುಕಿದ್ದಾಗ ತನ್ನ ನಂಬಿಕೆಯನ್ನು ಅರಸನಿಗಾಗಿ ಬಿಟ್ಟಿದ್ದರೆ ಈ ಗೌರವಕ್ಕೆ ಎಡೆಯೇ ಇರುತ್ತಿರಲಿಲ್ಲ. ಒಲಿದವರು ನಮ್ಮನ್ನು ಗೌರವಿಸುವುದು ನಾವು ಅವರಂತೆಯೇ ಆದಾಗ ಎಂದು ನಾವು ತಿಳಿದಿರುತ್ತೇವೆ. ಬಹಳ ಸಲ ಅದು ನಮ್ಮ ಭಯ ಮಾತ್ರ.

ಉಳಿದದ್ದು ನಾಲ್ಕರಲ್ಲಿ ಮೊದಲನೆಯದಾದ ಭಯ. ಅದರ ಕಾಲ ಮುಂದೆ ಬಂದಿತು. ವಿಷ್ಣುವರ್ಧನನ ಮಗ ನರಸಿಂಹನ ಕಾಲದಲ್ಲಿ ಹುಳ್ಳನೆಂಬ ಜೈನ ದಂಡನಾಯಕನಿದ್ದನು; ಚಾವುಂಡರಾಯ, ಗಂಗರಾಜರ ಸಾಲಿನಲ್ಲಿ ಅವನನ್ನು ಮೂರನೆಯವನೆಂದು ೧೧೫೯ರ ಶಾಸನ ಎಣಿಸುತ್ತದೆ. ಶ್ರವಣಬೆಳಗೊಳದ ಊರೊಳಗಿನ ಭಂಡಾರಿ ಬಸದಿ ಅವನು ಕಟ್ಟಿಸಿದ್ದು. ಆ ಬಸದಿಯ ಆವರಣದಲ್ಲಿಯೇ ಇನ್ನೆರಡು ಶತಮಾನಗಳ ಮೇಲಿನ ಒಂದು ಕಲ್ಲು ನಿಂತಿದೆ: ೧೩೬೮ರ ವಿಜಯನಗರದ ಬುಕ್ಕರಾಯನ ಶಾಸನ. ಆ ಹೊತ್ತಿಗೆ ಹೊಯ್ಸಳರಿರಲಿಲ್ಲ. ಜೈನರಿಗೆ ಶಾಂತಲೆಯಂಥ ರಾಣಿಯೂ ಗಂಗರಾಜನಂಥ ದಂಡನಾಯಕನೂ ಇರಲಿಲ್ಲ. ಪಂಚಮಹಾವಾದ್ಯಗಳನ್ನೂ ಕಲಶವನ್ನೂ ಬಳಸುವ ಹಕ್ಕಿನ ವಿಷಯದಲ್ಲಿ ಅವರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿತು. ಬಹುಸಂಖ್ಯರ ನಡುವೆ ಅಲ್ಪಸಂಖ್ಯರಾದವರಿಗೆ ಬರುವ ಕಷ್ಟ ಬಂದಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ ಮೊದಲಾದ ನಾಡುಗಳ ಜೈನರು ಅರಸನಲ್ಲಿ ಮೊರೆಯಿಟ್ಟರು. ಅವರು ಮತವನ್ನು ಬಿಟ್ಟು ಕಷ್ಟವನ್ನು ಕಳೆದುಕೊಳ್ಳಲಿಲ್ಲ, ಕಾಳಗಕ್ಕೂ ಇಳಿಯಲಿಲ್ಲ, ನ್ಯಾಯವನ್ನು ಕೇಳಿದರು.

ಬುಕ್ಕರಾಯನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಸೇರಿಸಿ, ಜೈನರ ಕೈಯನ್ನು ಹಿಡಿದು ಅವರ ಕೈಯಲ್ಲಿಟ್ಟನು. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದೂ, ವಾದ್ಯ ಕಲಶಗಳ ಹಕ್ಕು ಜೈನರಿಗೆ ಎಂದಿನಂತೆ ಸಲ್ಲುವುದೆಂದೂ, ಜೈನರಿಗಾದ ಹಾನಿಯನ್ನು ವೈಷ್ಣವರು ತಮಗಾದ ಹಾನಿಯೆಂದೇ ಎಣಿಸಬೇಕೆಂದೂ ತೀರ್ಪು ಕೊಟ್ಟನು. ಇನ್ನೂ ಸ್ವಾರಸ್ಯವಾದದ್ದು ಮುಂದಿನ ಏರ್ಪಾಡು. ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯನು ಅದನ್ನು ಕೂಡಿಸಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಗೊಮ್ಮಟನ ಕಾವಲಿನ ಹೊಣೆ ಶ್ರೀವೈಷ್ಣವನ ಕೈಗೆ ಬಂದಿತು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಈ ತೀರ್ಪಿನ ಶಾಸನವಿದೆ.

ಈ ಶಾಸನವನ್ನು ಬುಕ್ಕರಾಯನ ಔದಾರ್ಯಕ್ಕೆ ನಿದರ್ಶನವಾಗಿ ನಾವೆಲ್ಲ ಉದಾಹರಿಸುತ್ತೇವೆ. ಅದು ಯುಕ್ತವೇ. ಆದರೆ ಅರಸನು ಹಿಡಿದು ಇನ್ನೊಂದು ಕೈಯಲ್ಲಿಡುವುದಕ್ಕೆ ಮೊದಲು ಒಂದು ಕೈ ಅಲ್ಲಿ ಇರಬೇಕಾಗಿತ್ತು. ಆನೆಗೊಂದಿಯ, ಕಲ್ಲೆಹದ ಆ ಜೈನರು ನೆರೆಯವರ ಒತ್ತಡಕ್ಕೆ ಮಣಿದು ತಮ್ಮತನವನ್ನು ಮೊದಲೇ ಬಿಟ್ಟಿದ್ದರೆ ತೀರ್ಪಿಗೂ ಅವಕಾಶವಿರುತ್ತಿರಲಿಲ್ಲ, ಔದಾರ್ಯಕ್ಕೂ ಅವಕಾಶವಿರುತ್ತಿರಲಿಲ್ಲ. ಸಹಿಷ್ಣುತೆ ಎಂಬ ಗುಣ ಬೆಳೆಯುವುದು ಬೇರೆಯಾಗಿ ಉಳಿಯುವ ಧೈರ್ಯವುಳ್ಳವರು ಇದ್ದಾಗ. ಎಲ್ಲರೂ ಒಂದೇ ಆಗಿಬಿಟ್ಟ ಕಡೆ ಯಾರು ಯಾರನ್ನು ಸಹಿಸಬೇಕು?

ನಮ್ಮ ಕಾಲದಲ್ಲಿ ಮತದ ಹೆಸರಿನ ಮಾತು ಜೋರಾಗಿದೆ. ನಿಷ್ಠೆಯೆಂದರೆ ಇತರರನ್ನು ಹಳಿಯುವುದೆಂದು ಕೆಲವರು ತಿಳಿದಿದ್ದಾರೆ. ಸ್ನೇಹವೆಂದರೆ ತನ್ನದೆಲ್ಲವನ್ನೂ ಮರೆತು ಗುಂಪಿನಲ್ಲಿ ಬೆರೆಯುವುದೆಂದು ಇನ್ನು ಕೆಲವರು ತಿಳಿದಿದ್ದಾರೆ. ಊರು ಬಿಟ್ಟು ವಿದ್ಯಾರ್ಥಿನಿಲಯ ಸೇರಿದ ಹುಡುಗ, ಬೇರೆ ಆಚಾರದ ಮನೆಗೆ ಸೊಸೆಯಾಗಿ ಹೋದ ಹೆಣ್ಣುಮಗಳು, ಮೇಲಧಿಕಾರಿಯ ಒಲವು ಯಾವ ಕಡೆಗಿದೆಯೆಂದು ದಿನವೂ ನೋಡುವ ಉದ್ಯೋಗಿ, ಇವರೆಲ್ಲರ ಮುಂದೆಯೂ ಆ ನಾಲ್ಕು ಮಾತುಗಳು ಇಂದಿಗೂ ಇವೆ. ಅವರು ಯಾವ ದೇವರನ್ನು ನಂಬಿದವರಾದರೂ ಆಗಲಿ, ಯಾವ ದೇವರನ್ನೂ ನಂಬದೆ ಒಂದು ಸತ್ಯವನ್ನು ಮಾತ್ರ ನಂಬಿದವರಾದರೂ ಆಗಲಿ, ಪರೀಕ್ಷೆ ಒಂದೇ. ಶಾಂತಲೆ ಗಂಡನನ್ನು ಬಿಡಲಿಲ್ಲ, ಗಂಗರಾಜ ಒಡೆಯನನ್ನು ಬಿಡಲಿಲ್ಲ, ಬೆಳಗೊಳದ ಜೈನರು ನಾಡನ್ನು ಬಿಡಲಿಲ್ಲ. ತಮ್ಮ ಧರ್ಮವನ್ನೂ ಬಿಡಲಿಲ್ಲ. ಕೂಡಿ ಇದ್ದೂ ಕರಗಿಹೋಗದೆ ಬಾಳಿದ ಈ ಹಿರಿಯರು ಎತ್ತಿದ ದನಿಯಲ್ಲಿ ಏನನ್ನೂ ಸಾರಲಿಲ್ಲ. ಬಸದಿಯನ್ನು ಕಟ್ಟಿದರು, ಊರನ್ನು ಬಿಟ್ಟುಕೊಟ್ಟರು, ಅರ್ಜಿಯನ್ನು ಬರೆದರು. ಮಾಡಿದ್ದನ್ನು ಕಲ್ಲಿನಲ್ಲಿ ಬರೆಸಿ ಸುಮ್ಮನಾದರು. ಓದುವ ಕೆಲಸ ನಮ್ಮದು.